ಜೋನಿ ಬೆಲ್ಲದ ಓಲ್ಡ್ ಫ್ಯಾಶನ್ಡ್: ಕೊನೆಗೂ ಹದಕ್ಕೆ ಬಂತು

ಓಲ್ಡ್ ಫ್ಯಾಶನ್ಡ್ ಅಂದರೆ ವಿಸ್ಕಿಗೆ ಸಕ್ಕರೆ ಸಿರಪ್, ಕಹಿ ಸತ್ವ ಬೆರೆಸಿದ ಕಾಕ್‌ಟೇಲ್. ನಾನು ಸಕ್ಕರೆಯ ಬದಲು ಜೋನಿ ಬೆಲ್ಲ, ಅಂದರೆ ದ್ರವರೂಪದ ಬೆಲ್ಲ, ಹಾಕಲು ಹೊರಟೆ. ಅದು ತೆಳ್ಳೇವಿನ ತಟ್ಟೆಗೆ ಸರಿ, ವಿಸ್ಕಿಗಲ್ಲ ಅಂತ ಹೇಳದವರು ಶಿವಮೊಗ್ಗದ ನಮ್ಮ ಬಳಗದಲ್ಲಿ ಯಾರೂ ಇರಲಿಲ್ಲ. 'ಪಾಯಸ ಆಗುತ್ತೆ ನೋಡು' ಅಂದರು. ಮೊದಲ ಎಂಟು-ಹತ್ತು ಗ್ಲಾಸ್ ಪಾಯಸವೇ ಆಯಿತು, ಸುಳ್ಳು ಯಾಕೆ ಹೇಳಲಿ. ಈಗ ಸಕ್ಕರೆ ಸಿರಪ್‌ನದ್ದನ್ನು ಪಕ್ಕದಲ್ಲೇ ಇಟ್ಟರೂ ಅದೇ ಬಳಗ ಜೋನಿಯದ್ದನ್ನು ಮೊದಲು ಖಾಲಿ ಮಾಡುತ್ತದೆ.

ತಪ್ಪು ಬೆಲ್ಲದ್ದಲ್ಲ, ಅದನ್ನು ಬಳಸುವ ರೀತಿಯದ್ದು. ಡಬ್ಬದಿಂದ ಚಮಚದಲ್ಲಿ ತೆಗೆದು ಗ್ಲಾಸಿಗೆ ಹಾಕಿದರೆ ತಣ್ಣಗಿನ ವಿಸ್ಕಿಯಲ್ಲಿ ಅದು ಕರಗುವುದಿಲ್ಲ. ತಳಕ್ಕೆ ಇಳಿದು ಕೂರುತ್ತದೆ. ಮೊದಲ ಗುಟುಕು ಬರೀ ಖಾರ, ಕೊನೆಯ ಗುಟುಕು ಬರೀ ಬೆಲ್ಲ. ನೀರು ಹಾಕಿ ಕುದಿಸಿದರೆ ಸೀದ ವಾಸನೆ ಹಿಡಿಯುತ್ತದೆ, ಮೇಲೆ ನೊರೆ, ಕೆಳಗೆ ಕೆಸರು. ಆಲೆಮನೆಯಲ್ಲಿ ಕೊಪ್ಪರಿಗೆಗೆ ಬೆಂಡೆಯ ಲೋಳೆ ಹಾಕಿ ಕೊಳೆ ತೆಗೆಯುವುದು ಎಲ್ಲರಿಗೂ ಗೊತ್ತು, ಆದರೂ ಜೋನಿಯಲ್ಲಿ ಅಷ್ಟಿಷ್ಟು ಉಳಿದೇ ಇರುತ್ತದೆ. ಅದು ಹೋಗದೆ ಗ್ಲಾಸ್ ತಿಳಿಯಾಗುವುದಿಲ್ಲ.

ದಾರಿ ಸಿಕ್ಕಿದ್ದು ಮಿಠಾಯಿ ಮಾಡುವವರ ಪಾಕದಿಂದ. 250 ಗ್ರಾಂ ಜೋನಿಗೆ 125 ಎಂಎಲ್ ನೀರು, ಸಣ್ಣ ಉರಿ. ಕುದಿ ಬರಬಾರದು, ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಕಂಡರೆ ಸಾಕು. ಆಗ ಎರಡು ಚಮಚ ಹಾಲು ಸುತ್ತಲೂ ಬಿಡಬೇಕು. ಕೈಯಾಡಿಸಬೇಡಿ. ಹಾಲು ಒಡೆದು ಕೊಳೆಯನ್ನೆಲ್ಲ ಕಟ್ಟಿಕೊಂಡು ಬೂದುಬಣ್ಣದ ಕೆನೆಯಂತೆ ಮೇಲೆ ಬರುತ್ತದೆ. ಅದನ್ನು ತೆಗೆದು, ಒಲೆ ಆರಿಸಿ, ರಾತ್ರಿಯಿಡೀ ಅಲುಗಾಡಿಸದೆ ಇಡಿ. ಬೆಳಿಗ್ಗೆ ಮೇಲಿನ ಮುಕ್ಕಾಲು ಪಾಲನ್ನು ಮಾತ್ರ ಬಗ್ಗಿಸಿ ಹಳೇ ಪಂಚೆ ಬಟ್ಟೆಯಲ್ಲಿ ಸೋಸಿ. ತಳದ್ದು ದೋಸೆಗಾಯಿತು. ಒಂದು ಚಿಟಿಕೆ ಉಪ್ಪು, 15 ಎಂಎಲ್ ವೋಡ್ಕಾ ಸೇರಿಸಿದರೆ ಫ್ರಿಡ್ಜಿನಲ್ಲಿ ಮೂರು ವಾರ ತಡೆಯುತ್ತದೆ. ವೋಡ್ಕಾ ಹಾಕದ ಒಂದು ಬಾಟಲಿ ಮಳೆಗಾಲದಲ್ಲಿ ಹೊರಗೆ ಉಳಿದು ಹುಳಿಬಂದು ಮುಚ್ಚಳ ಹಾರಿಸಿತ್ತು.

ಅಳತೆ: ವಿಸ್ಕಿ 60 ಎಂಎಲ್, ಜೋನಿ ಸಿರಪ್ 7ರಿಂದ 8 ಎಂಎಲ್, ಬಿಟರ್ಸ್ (ಸಿಪ್ಪೆ-ಮಸಾಲೆಗಳ ಕಹಿ ಸತ್ವ) ಮೂರು ಚಿಮುಕು. ಸಕ್ಕರೆ ಸಿರಪ್‌ನಂತೆ 10 ಹಾಕಿದರೆ ಕೆಟ್ಟಿತು. ಜೋನಿಗೆ ತನ್ನದೇ ಉಪ್ಪುಪ್ಪು ರುಚಿ ಇದೆ, ಅದು ಮೇಲೇಳುತ್ತದೆ. ಕಲಕುವ ಹೊತ್ತು ಬಾಟಲಿ ನೋಡಿ ತೀರ್ಮಾನಿಸಬೇಕು. ಅಮೃತ್ ಫ್ಯೂಷನ್ ವಿಸ್ಕಿಯಲ್ಲಿ ಮದ್ಯಸಾರ ಶೇ. 50 ಇದೆ, 40 ಸೆಕೆಂಡಾದರೂ ಐಸಿನಲ್ಲಿ ಕಲಕಿ ನೀರು ಬಿಡಿಸಬೇಕು. ಶೇ. 42.8ರ ಮಾಮೂಲಿ ಬಾಟಲಿಗೆ 20 ಸೆಕೆಂಡ್ ಸಾಕು, ಮೀರಿದರೆ ಪಾನಕ.

ದುಡ್ಡಿನ ಮಾತು. ಸಿಂಗಲ್ ಮಾಲ್ಟ್ ವಿಸ್ಕಿಯ ಬಾಟಲಿ ನಾಲ್ಕು ಸಾವಿರ ಅಂತ ಹಿಡಿಯಿರಿ. 750 ಎಂಎಲ್‌ಗೆ ಹನ್ನೆರಡು ಗ್ಲಾಸ್, ಒಂದಕ್ಕೆ ಮುನ್ನೂರಿಪ್ಪತ್ತರ ಮೇಲೆ. ನಾನೀಗ 45 ಎಂಎಲ್ ಮಾಲ್ಟಿಗೆ 15 ಎಂಎಲ್ 'ಹುಲಿ' ಬೆರೆಸುತ್ತೇನೆ, ನಂಜನಗೂಡಿನ ಕಡೆ ಬೆಲ್ಲದಿಂದಲೇ ಇಳಿಸುವ ಮದ್ಯ ಅದು. ಉಳಿತಾಯಕ್ಕಾಗಿ ಶುರುಮಾಡಿದ್ದು, ರುಚಿಗಾಗಿ ಉಳಿಯಿತು. ಬೆಲ್ಲದ ವಾಸನೆ ಕೆಳಗಿನಿಂದಲೂ ಬರುವುದರಿಂದ ಸಿರಪ್ 5 ಎಂಎಲ್‌ಗೆ ಇಳಿದರೂ ನಡೆಯುತ್ತದೆ. ಅರ್ಧಕ್ಕರ್ಧ ಮಾಡಲು ಹೋಗಬೇಡಿ, ವಿಸ್ಕಿ ಕಾಣೆಯಾಗುತ್ತದೆ. ಪ್ರಯೋಗದಲ್ಲಿ ಸಿಂಕಿಗೆ ಸುರಿದದ್ದು ಒಟ್ಟು ಆರೇಳು ಸಾವಿರ ಇರಬಹುದು, ಅದರಲ್ಲಿ ಹೆಚ್ಚಿನದು ಬಿಟರ್ಸ್ ಮತ್ತು ಮುರುಗಲಿನ (ಕೋಕಂ) ಪಾಲು.

ಬಿಟರ್ಸ್‌ಗೆ ಎಲ್ಲ ಸಾಮಾನೂ ಒಂದೇ ಭರಣಿಗೆ ತುಂಬಿದ್ದೇ ಮೊದಲ ದಡ್ಡತನ. ಎರಡೇ ದಿನಕ್ಕೆ ಏಲಕ್ಕಿ ಎಲ್ಲವನ್ನೂ ನುಂಗಿ ಕೆಮ್ಮಿನ ಸಿರಪ್ ಆಯಿತು. ಈಗ ಎಲ್ಲವೂ ಬೇರೆ ಬೇರೆ ಸಣ್ಣ ಸೀಸೆ, ಪ್ರತಿಯೊಂದಕ್ಕೂ 100 ಎಂಎಲ್ ವೋಡ್ಕಾ. ಒಣಗಿಸಿದ ಕಂಚಿಕಾಯಿ ಸಿಪ್ಪೆ 10 ಗ್ರಾಂ, ಏಳು ದಿನ. ಒಳಗಿನ ಬಿಳಿ ಪೂರ್ತಿ ಕೆರೆದು ತೆಗೆಯದಿದ್ದರೆ ಕಹಿ ಗಂಟಲಿಗೆ ಅಂಟುತ್ತದೆ. ಜಜ್ಜಿದ ಕಾಳುಮೆಣಸು 5 ಗ್ರಾಂ, ನಾಲ್ಕು ದಿನ. ಏಲಕ್ಕಿ ಆರು ಕಾಯಿ, ಎರಡು ದಿನ. ನೆಲಬೇವು ಒಂದೇ ಗ್ರಾಂ, ಹನ್ನೆರಡು ಗಂಟೆ. ಒಂದು ದಿನ ಬಿಟ್ಟೆ, ಚೆಲ್ಲಬೇಕಾಯಿತು. ಕಹಿಗೆ ಅಮೃತಬಳ್ಳಿ ಹಾಕಿ ಅನ್ನುವವರಿದ್ದಾರೆ. ಬೇಡ, ಅದರಿಂದ ಯಕೃತ್ತಿಗೆ ಪೆಟ್ಟಾದ ವೈದ್ಯರ ವರದಿಗಳಿವೆ. ಬೆರೆಸುವ ಪ್ರಮಾಣ ಕೇಳಬೇಡಿ. ಕಂಚಿಯದ್ದು ಅರ್ಧಕ್ಕಿಂತ ಜಾಸ್ತಿ ಅಂತ ಮಾತ್ರ ಹೇಳುತ್ತೇನೆ. ಏಲಕ್ಕಿಯ ಖಾಲಿ ಸಿಪ್ಪೆಯನ್ನು ಏನು ಮಾಡುತ್ತೇನೆ ಅನ್ನುವುದೂ ನನ್ನ ಹತ್ತಿರವೇ ಇರಲಿ.

ಮುರುಗಲು ಹಾಕಿ ವಿಸ್ಕಿ ಸೋರ್ (ಹುಳಿ-ಸಿಹಿ ಬೆರೆಸಿ ಕುಲುಕುವ ಕಾಕ್‌ಟೇಲ್) ಮಾಡುವ ಹಠದಲ್ಲಿ ಹೆಚ್ಚು ಮಾಲ್ಟ್ ಹೋಯಿತು. 20 ಗ್ರಾಂ ಒಣಸಿಪ್ಪೆಯನ್ನು 200 ಎಂಎಲ್ ತಣ್ಣೀರಲ್ಲಿ ರಾತ್ರಿ ನೆನೆಸಿದರೆ ಬಣ್ಣವೇನೋ ದಾಸವಾಳದ್ದು, ಬಾಯಿಗಿಟ್ಟರೆ ಹಸಿ ಅಡಿಕೆ ಅಗಿದಷ್ಟು ಒಗರು. ಕಾರಣ ಆಮೇಲೆ ಹೊಳೆಯಿತು. ಮಾಗಲಿಟ್ಟ ವಿಸ್ಕಿ ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ. 2ರಷ್ಟು ಆವಿಯಾದರೆ ಬೆಂಗಳೂರಿನಲ್ಲಿ ಶೇ. 10-12. ಆ ಬಿಸಿಗೆ ಮರದ ಸತ್ವವೂ ಬೇಗ ಇಳಿಯುತ್ತದೆ. ನಮ್ಮ ಮಾಲ್ಟ್ ಚಿಕ್ಕ ವಯಸ್ಸಿಗೇ ಓಕ್ ಮರದ ಒಗರು ಹೊತ್ತು ಬರುತ್ತದೆ, ಅದರ ಮೇಲೆ ಮುರುಗಲಿನ ಒಗರು. ಈಗ ಸೋರ್‌ಗೆ ಅಗ್ಗದ ಬ್ಲೆಂಡೆಡ್ ವಿಸ್ಕಿ 60 ಎಂಎಲ್, ಮುರುಗಲು ನೀರು 15, ನಿಂಬೆರಸ 12, ಜೋನಿ ಸಿರಪ್ 18. ಮಾಲ್ಟೇ ಬೇಕೆಂದರೆ ಗೋವಾದ ಪಾಲ್ ಜಾನ್ ಬ್ರಿಲಿಯನ್ಸ್ ಹಾಕಿ ಮುರುಗಲನ್ನು 8ಕ್ಕೆ ಇಳಿಸುತ್ತೇನೆ.

ಸೋರ್ ಮೇಲಿನ ನೊರೆಗೆ ಮೊಟ್ಟೆ ಬೇಡದ ಮನೆಯಲ್ಲಿ ಕಾಬೂಲಿ ಕಡಲೆ ಬೇಯಿಸಿದ ಕಟ್ಟು 20 ಎಂಎಲ್. ಉಪ್ಪು ಹಾಕದೆ ಬೇಯಿಸಿ, ಕಟ್ಟನ್ನು ಅರ್ಧಕ್ಕೆ ಇಂಗಿಸಿ ತಣಿಸಬೇಕು. ತೆಳ್ಳಗಿದ್ದರೆ ನೊರೆ ಒಂದು ನಿಮಿಷವೂ ನಿಲ್ಲುವುದಿಲ್ಲ. ಐಸಿಲ್ಲದೆ ಒಮ್ಮೆ, ಐಸ್ ಹಾಕಿ ಇನ್ನೊಮ್ಮೆ ಕುಲುಕಿ. ಶೇಕರ್‌ಗೆ ಎರಡು ಸಾವಿರ ಕೊಡುವ ಅಗತ್ಯವೇನಿಲ್ಲ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಸಾಕು.

ಐಸ್ ಬಗ್ಗೆ ಎರಡೇ ಮಾತು. ನೀರು ಕುದಿಸಿದರೆ ತಿಳಿ ಐಸ್ ಬರುತ್ತದೆ ಅನ್ನುವುದು ದಂಡ. ಸಣ್ಣ ಥರ್ಮೋಕೋಲ್ ಪೆಟ್ಟಿಗೆ, ಮುಚ್ಚಳ ತೆಗೆದು, ಫ್ರೀಜರಿನಲ್ಲಿ ಇಪ್ಪತ್ತು ಗಂಟೆ. ಮೇಲಿನಿಂದ ಕೆಳಕ್ಕೆ ಹೆಪ್ಪುಗಟ್ಟುವಾಗ ಗಾಳಿಯೆಲ್ಲ ತಳಕ್ಕೆ ಸರಿಯುತ್ತದೆ. ತಳ ಇನ್ನೂ ನೀರಾಗಿರುವಾಗಲೇ ಹೊರತೆಗೆಯಿರಿ. ಆಷಾಢದಲ್ಲಿ ಕರೆಂಟು ಹೋಗಿ ಬಂದು ಮಾಡಿದರೆ ಐಸ್ ಪದರ ಪದರವಾಗಿ ಬಿರಿದು ಫ್ರೀಜರಿನ ಮೀನಿನ ವಾಸನೆಯನ್ನೂ ಹೀರಿರುತ್ತದೆ. ಆ ತಿಂಗಳು ಐಸ್ ಬೇಡದ, ವಿಸ್ಕಿಗೆ ಬಿಸಿನೀರು ಬೆರೆಸುವ 'ಹಾಟ್ ಟಾಡಿ'ಯೇ ವಾಸಿ.

ನಡುನಡುವೆ ಬೇರೆ ಹುಚ್ಚುಗಳೂ ನಡೆದವು. 350 ಎಂಎಲ್ ವಿಸ್ಕಿಗೆ 30 ಗ್ರಾಂ ಕರಗಿಸಿದ ತುಪ್ಪ ಹಾಕಿ, ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ತುಪ್ಪ ತೆಗೆದೆ. ಸೋಸಲು ಕಾಫಿ ಫಿಲ್ಟರ್ ಬಳಸಿ ಅದರ ತೂತುಗಳೆಲ್ಲ ಕಟ್ಟಿ, ಒಂದು ವಾರ ಕಾಫಿಯಲ್ಲೂ ತುಪ್ಪ. ವಿಸ್ಕಿ ಮಾತ್ರ ಮೆತ್ತಗೆ, ಚೆನ್ನಾಗಿಯೇ ಬಂತು. ಆದರೆ ಹಳೇ ತುಪ್ಪವಾದರೆ ಕಮಟು ಪೂರ್ತಿ ಇಳಿಯುತ್ತದೆ. ಲಾವಂಚ ಸೋತಿತು, ದೇವರ ಕೋಣೆಯ ವಾಸನೆ.

ಗೆದ್ದದ್ದು ಅಪ್ಪೆಮಿಡಿ. ಮಸಾಲೆ ಬೆರೆಸುವ ಮುಂಚಿನ ಉಪ್ಪುನೀರು, ಅದೂ ಜೀರಿಗೆ ಮಿಡಿಯದ್ದು. ಸೊನೆಯ ಘಮ ಅದರಲ್ಲೇ ಇರುವುದು. ಓಲ್ಡ್ ಫ್ಯಾಶನ್ಡ್‌ಗೆ ಅರ್ಧ ಟೀಚಮಚ, ಸಿರಪ್‌ನ ಉಪ್ಪು ಬಿಟ್ಟು. ಮುಕ್ಕಾಲಾದರೆ ಉಪ್ಪಿನಕಾಯಿಯೇ ಕುಡಿದಂತೆ. ಹೋದ ಬೇಸಿಗೆಯಲ್ಲಿ ಎತ್ತಿಟ್ಟ ಅರ್ಧ ಲೀಟರಿನಲ್ಲಿ ಈಗ ಉಳಿದಿರುವುದು ನಾಲ್ಕು ಬೆರಳು, ಮುಂದಿನ ಮಿಡಿ ಬರುವವರೆಗೆ ಅದನ್ನು ಡ್ರಾಪರ್‌ನಲ್ಲಿ ಹನಿ ಲೆಕ್ಕದಲ್ಲೇ ಹಾಕುತ್ತಿದ್ದೇನೆ.