ಕಾಂಟ್ರಾದಲ್ಲಿ ಎರಡೇ ನಿಮಿಷಕ್ಕೆ ಔಟ್ ಆಗ್ತಿದೀರಾ? ಹಳೇ ಗೇಮ್ ಕಲಿಯೋ ದಾರಿ ಹಿಂಗೆ

ಹೋದ್ ವರ್ಷ ಆಷಾಢದಲ್ಲಿ ಅಕ್ಕನ ಮಗ ನಮ್ಮನೇಲಿ ಹತ್ತು ದಿನ ಇದ್ದ. ಚಿಕ್ಕಮಗಳೂರಲ್ಲಿ ಆ ಟೈಮಲ್ಲಿ ಮಳೆ ಹೆಂಗ್ ಹಿಡ್ಕೊಂಡಿರುತ್ತೆ ಅಂತ ಇಲ್ಲಿಯವ್ರಿಗೆ ಹೇಳೋದೇ ಬೇಡ, ಹೊರಗೆ ಕಾಲಿಡೋ ಹಾಗಿಲ್ಲ, ನೆಟ್‌ವರ್ಕ್ ಒಂದ್ ಗಳಿಗೆ ಇದ್ರೆ ಇನ್ನೊಂದ್ ಗಳಿಗೆ ಇಲ್ಲ, ಅವನ ಮೊಬೈಲ್ ಗೇಮ್‌ಗಳಿಗೋ ನೆಟ್ ಬೇಕೇ ಬೇಕು. ಹುಡುಗ ಮುಖ ಸಪ್ಪೆ ಮಾಡ್ಕೊಂಡ್ ಕೂತಿದ್ನಲ್ಲ ಅಂತ ಲ್ಯಾಪ್‌ಟಾಪಲ್ಲಿ ಕಾಂಟ್ರಾ, ಅಂದ್ರೆ ಬಂದೂಕು ಹಿಡ್ಕೊಂಡು ಓಡೋ ಹಳೇ ವಿಡಿಯೋ ಗೇಮು, ಟಿವಿಗೆ ಜೋಡಿಸಿ ಹಾಕ್ಕೊಟ್ಟೆ. ಎರಡು ನಿಮಿಷಕ್ಕೆ ಮೂರು ಲೈಫೂ ಖಾಲಿ. "ಮಾವ, ಇದು ಮೋಸ, ಒಂದೇ ಗುಂಡು ತಾಗಿದ್ರೆ ಸಾಯ್ತಾನೆ!" ಅಂದ. ಆನ್‌ಲೈನ್‌ನಲ್ಲಿ ನೂರು ಜನರ ಮಧ್ಯೆ ಕೊನೇವರೆಗೆ ಉಳಿಯೋ ಹುಡುಗ, ಬೆರಳು ಅಷ್ಟು ಚುರುಕು, ಆದ್ರೂ ಮೊದಲ ಸೇತುವೆ ದಾಟಲಿಲ್ಲ.

ಊರಿಗೆ ಹೊರಡೋ ಹಿಂದಿನ ದಿನ ಅವನೇ ಮೂರು ಲೈಫಲ್ಲಿ, ಜಾಸ್ತಿ ಲೈಫ್ ಕೊಡೋ ಕೋಡ್ ಇಲ್ದೆ, ಐದನೇ ಸ್ಟೇಜ್ ಹಿಮದವರೆಗೆ ಹೋಗಿದ್ದ. ಆ ಹತ್ತು ದಿನದಲ್ಲಿ ಏನೇನ್ ಮಾಡಿದ್ವಿ ಅನ್ನೋದನ್ನೇ ಬರೀತಿದೀನಿ, ಹಳೇ ಗೇಮ್ ಒಂದ್ಸಲ ಆಡಿ ಅಯ್ಯೋ ಆಗಲ್ಲಪ್ಪ ಅಂತ ಬಿಟ್ಟೋರಿಗೆ ಇದು ನಿಜವಾಗ್ಲೂ ಉಪಯೋಗಕ್ಕೆ ಬರುತ್ತೆ.

ಮೊದ್ಲು ಇವು ಯಾಕಿಷ್ಟು ಕಷ್ಟ ಅಂತ ಗೊತ್ತಾಗ್ಬೇಕು, ಇಲ್ಲಾಂದ್ರೆ ತಪ್ಪು ನಮ್ಮ ಕೈದು ಅನ್ಕೊಂಡು ಬಿಟ್ಬಿಡ್ತೀವಿ. 1985ರ ಸೂಪರ್ ಮಾರಿಯೋ ಪೂರ್ತಿ ಗೇಮು 40 ಕೆಬಿ ಅಷ್ಟೇ. ಈಗ ವಾಟ್ಸಾಪಲ್ಲಿ ಬರೋ ಒಂದು ಗುಡ್ ಮಾರ್ನಿಂಗ್ ಫೋಟೋನೇ ಅದಕ್ಕಿಂತ ದೊಡ್ಡದಿರುತ್ತೆ. ಅಷ್ಟರೊಳಗೆ 32 ಸ್ಟೇಜ್ ತುಂಬ್ಸಿದಾರೆ, ಜಾಗ ಉಳಿಸೋಕೆ ಮೋಡಕ್ಕೂ ಗಿಡಕ್ಕೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ, ನೋಡಿ ಬೇಕಾದ್ರೆ. ಆಟ ಚೆನ್ನಾಗ್ ಬರೋನಿಗೆ ಇಂಥ ಗೇಮ್ ಒಂದು ಗಂಟೆಯೊಳಗೆ ಮುಗಿದೋಗುತ್ತೆ, ಕಾಂಟ್ರಾ ಅಂತೂ ಅರ್ಧ ಗಂಟೆ. ದುಡ್ಡು ಕೊಟ್ಟೋನು ತಿಂಗಳುಗಟ್ಲೆ ಆಡ್ಬೇಕು ಅಂದ್ರೆ ಕಷ್ಟ ಮಾಡ್ಲೇಬೇಕು. ಇನ್ನೊಂದು, ಸುಮಾರು ಗೇಮ್‌ಗಳು ಹುಟ್ಟಿದ್ದೇ ಕಾಸು ಹಾಕಿ ಆಡೋ ಮೆಷಿನ್‌ಗೆ. ಕಾಂಟ್ರಾನೂ 1987ರಲ್ಲಿ ಮೊದ್ಲು ಬಂದಿದ್ದು ಆರ್ಕೇಡ್‌ಗೆ, ಮನೆ ಟಿವಿಗೆ ಬಂದಿದ್ದು ಮುಂದಿನ ವರ್ಷ. ಬೇಗ ಸತ್ರೆ ತಾನೇ ಇನ್ನೊಂದು ಕಾಸು ಬೀಳೋದು.

ಆದ್ರೆ ಇದರಲ್ಲೇ ನಮಗೆ ಅನುಕೂಲ ಇರೋದು. ಜಾಗ ಕಮ್ಮಿ ಇದ್ದಿದ್ರಿಂದ ಒಳಗಿರೋದು ಬದಲಾಗಲ್ಲ. ಇವತ್ತು ಆ ಬಂಡೆ ಮೇಲೆ ಕೂತಿರೋ ಗನ್ನು ನಾಳೆನೂ ಅಲ್ಲೇ, ಮುಂದಿನ ವರ್ಷಾನೂ ಅಲ್ಲೇ. ಓಡಿ ಬರೋ ಸೈನಿಕರು ಒಂಚೂರು ಹಿಂದೆಮುಂದೆ ಆಗ್ಬೋದು, ಜಾಗ ಹಿಡ್ದು ಕೂತಿರೋರು ಅಲ್ಲಾಡಲ್ಲ. ಆನ್‌ಲೈನ್ ಗೇಮಲ್ಲಿ ಎದುರಿಗೆ ಇನ್ನೊಬ್ಬ ಮನುಷ್ಯ ಇರ್ತಾನೆ, ಅಲ್ಲಿ ಚುರುಕು ಬೇಕು. ಇಲ್ಲಿ ಬೇಕಾಗಿರೋದು ಬಾಯಿಪಾಠ, ಮಗ್ಗಿ ಕಲಿತ ಹಾಗೆ. ನಮ್ಮ ಹುಡುಗನಿಗೆ ನಾನು ಮೊದಲ ದಿನ ಹೇಳಿದ್ದು ಇದೊಂದೇ, "ಪುಟ್ಟ, ಇದನ್ನ ಗೆಲ್ಲೋಕೆ ಹೋಗ್ಬೇಡ, ಉರು ಹೊಡಿ."

ಯಾವ ಗೇಮಿಂದ ಶುರು ಮಾಡೋದು ಅಂದ್ರೆ, ನನ್ನ ಪ್ರಕಾರ ಟ್ಯಾಂಕ್. ನಾವೆಲ್ಲ ಟ್ಯಾಂಕ್ ಅಂತಿದ್ದಿದ್ದು, ಅಸಲಿ ಹೆಸರು ಬ್ಯಾಟಲ್ ಸಿಟಿ, 1985. ನಮ್ಮ ನೆಲೆಯಲ್ಲಿರೋ ಹದ್ದಿನ ಗುರುತನ್ನ ಕಾಯ್ಕೊಂಡು 20 ಟ್ಯಾಂಕ್ ಹೊಡೀಬೇಕು, ಒಂದು ಸ್ಟೇಜ್ ಮುಗೀತು. ಇಬ್ಬರು ಸೇರಿ ಆಡ್ಬೋದು, ಜಿಗಿಯೋದಿಲ್ಲ, ಗುಂಡಿಗೆ ಬೀಳೋದಿಲ್ಲ, ಸೋತ್ರೂ ಯಾಕೆ ಸೋತ್ವಿ ಅಂತ ಕಣ್ಣಿಗೆ ಕಾಣುತ್ತೆ. ಅದಾದ್ಮೇಲೆ ಮಾರಿಯೋ, ಆಮೇಲೆ ಕಾಂಟ್ರಾ. ನಿಂಜಾ ಗೈಡೆನ್ ಮಾತ್ರ ಮೊದಲಿಗೇ ಮುಟ್ಬೇಡಿ ದಯವಿಟ್ಟು, ಅದರಲ್ಲಿ ಕೊನೇ ಬಾಸ್, ಅಂದ್ರೆ ದೊಡ್ಡ ವೈರಿ ಹತ್ರ ಸತ್ರೆ 6ನೇ ಆಕ್ಟ್ ಶುರುಗೇ ವಾಪಸ್ ಕಳಿಸ್ತಾರೆ, ಅಭ್ಯಾಸ ಇಲ್ದೋರಿಗೆ ಹಳೇ ಗೇಮ್ ಮೇಲೇ ಬೇಜಾರ್ ಬಂದ್ಬಿಡುತ್ತೆ.

ಆಡೋದು ಯಾವ್ದರಲ್ಲಿ? ಕಾಂಟ್ರಾ ಬೇಕಿದ್ರೆ ಅದನ್ನ ಮಾಡಿದ ಕೊನಾಮಿ ಕಂಪನಿಯವರದ್ದೇ ಕಾಂಟ್ರಾ ಆನಿವರ್ಸರಿ ಕಲೆಕ್ಷನ್ ಅಂತ 2019ರಲ್ಲಿ ಬಂದಿದೆ, ಕಂಪ್ಯೂಟರ್ ಗೇಮ್ ಮಾರೋ ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡೀಲಿ ಸಿಗುತ್ತೆ, ಆಫರ್ ಇದ್ದಾಗ ತಗೊಳಿ. ಮೊಬೈಲ್ ಸ್ಕ್ರೀನ್ ಮೇಲೆ ಬೆರಳಿಟ್ಟು ಮಾತ್ರ ಆಡ್ಬೇಡಿ, ಬಟನ್ ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗ್ಬೇಕು, ಒಂದು ಸಾದಾ ಯುಎಸ್‌ಬಿ ಗೇಮ್‌ಪ್ಯಾಡ್ ಸಾಕು, ಎಡಗಡೆ ಪ್ಲಸ್ ಆಕಾರದ ಬಟನ್ ಗಟ್ಟಿಯಾಗಿರೋದನ್ನ ನೋಡಿ ತಗೊಳಿ.

ಟಿವಿಗೆ ಹಾಕಿ ಆಡೋದಾದ್ರೆ ಇದನ್ನ ಮರೀಲೇಬೇಡಿ. ಸೆಟ್ಟಿಂಗ್ಸಲ್ಲಿ ಗೇಮ್ ಮೋಡ್ ಅಂತ ಇರುತ್ತೆ, ಆನ್ ಮಾಡಿ. ಹಳೇ ಡಬ್ಬ ಟಿವಿ ಸಿಗ್ನಲ್ ಬಂದಂಗೇ ತೋರ್ಸೋದು. ಈಗಿನ ಟಿವಿ ಚಿತ್ರನ ಚೆಂದ ಮಾಡಕ್ಕೋಗಿ ತಡ ಮಾಡುತ್ತೆ. ಈ ಗೇಮ್‌ಗಳು ಸೆಕೆಂಡಿಗೆ 60 ಫ್ರೇಮಲ್ಲಿ, ಅಂದ್ರೆ 60 ಚಿತ್ರದಲ್ಲಿ ಓಡ್ತವೆ, ಟಿವಿ 100 ಮಿಲಿಸೆಕೆಂಡ್ ತಡ ಮಾಡಿದ್ರೆ ನೀವು ಆರು ಫ್ರೇಮ್ ಹಳೇ ಚಿತ್ರ ನೋಡ್ಕೊಂಡು ಜಿಗೀತಿದೀರಾ ಅಂತ ಅರ್ಥ. ನಮ್ಮನೇಲಿ ಮೊದಲೆರಡು ದಿನ ಹುಡುಗ ಸುಮ್ಸುಮ್ನೆ ಗುಂಡಿಗೆ ಬೀಳ್ತಿದ್ದಿದ್ದು ಇದಕ್ಕೇ, ನನಗೆ ಹೊಳೆದಿದ್ದು ಮೂರನೇ ದಿನ. ಹಂಗೇ ಚಿತ್ರನ ಅಗಲಕ್ಕೆ ಎಳೀಬೇಡಿ, ಹಳೇ ಟಿವಿಯ 4:3 ಆಕಾರದಲ್ಲೇ ಇಡಿ. ಗುಂಡು, ವೈರಿಗಳು ಮಿಣಕ್ ಮಿಣಕ್ ಅಂತಿದ್ರೆ ಟಿವಿ ಹಾಳಾಗಿಲ್ಲ, ಆ ಕಾಲದ ಟಿವಿ ಗೇಮ್ ಮೆಷಿನ್‌ಗೆ ಒಂದು ಸಾಲಲ್ಲಿ ಎಂಟು ಚಿತ್ರದ ತುಂಡಿಗಿಂತ ಜಾಸ್ತಿ ತೋರ್ಸೋಕೆ ಆಗ್ತಿರ್ಲಿಲ್ಲ. ಹಳೇ ಟಿವಿ ಗೇಮ್ ಜೊತೆ ಬರ್ತಿದ್ದ ಬಾತುಕೋಳಿ ಹೊಡೆಯೋ ಗನ್ನು ಅಟ್ಟದ ಮೇಲೆ ಸಿಕ್ಕಿದ್ರೆ ಹೊಸ ಟಿವಿಗೆ ಹಿಡೀಬೇಡಿ, ಅದು ಡಬ್ಬ ಟಿವಿ ಬೆಳಕಿಗೆ ಮಾತ್ರ ಕೆಲ್ಸ ಮಾಡೋದು.

ಅಟ್ಟದ ಮಾತು ಬಂತಲ್ಲ, ನಮ್ಮ ಮಲೆನಾಡು ಕಡೆಯವ್ರಿಗೆ ಇದನ್ನ ಬಿಡಿಸಿ ಹೇಳ್ಬೇಕು. ಹಳೇ ಟಿವಿ ಗೇಮು, ಕ್ಯಾಸೆಟ್ಟು ಸಿಕ್ಕಿದ್ರೆ ಖುಷಿಗೆ ಊದಿ ಹಾಕೋಕೆ ಹೋಗ್ಬೇಡಿ. ನಾವೆಲ್ಲ ಊದೇ ಆಡಿದ್ದು ನಿಜ, ಆದ್ರೆ ಊದಿದ್ದಕ್ಕೆ ಅದು ಓಡ್ತಿರ್ಲಿಲ್ಲ, ತೆಗ್ದು ಮತ್ತೆ ಹಾಕಿದ್ದಕ್ಕೆ ಓಡ್ತಿತ್ತು. ಬಾಯಿ ತೇವ ತಾಮ್ರದ ಪಟ್ಟಿಗೆ ತಾಗಿ ಕಿಲುಬು ಹಿಡಿಯುತ್ತೆ, ಮೊದಲೇ ಇಲ್ಲಿ ಜೂನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿ ಬೆಲ್ಟಿಗೂ ಬೂಸ್ಟು ಬರುತ್ತೆ. ಹತ್ತಿ ಸುತ್ತಿದ ಕಡ್ಡಿನ ಐಸೊಪ್ರೊಪೈಲ್ ಆಲ್ಕೊಹಾಲಲ್ಲಿ ಅದ್ದಿ ಪಟ್ಟಿ ಮೇಲೆ ಮೆಲ್ಲಗೆ ಒರೆಸಿ, ಕಪ್ಪು ಬರೋದು ನಿಲ್ಲೋವರೆಗೂ. ಒಣಗಿದ ಮೇಲೆ ಹಾಕಿ. ಇಡೋವಾಗ ಬಿಗಿ ಮುಚ್ಚಳದ ಡಬ್ಬಿಯೊಳಗೆ, ಹೊಸ ಬ್ಯಾಗು ಶೂ ಜೊತೆ ಬರುತ್ತಲ್ಲ ಸಿಲಿಕಾ ಜೆಲ್ ಪೊಟ್ಟಣ, ನಾಲ್ಕೈದು ಹಾಕಿಡಿ. ಅಡಾಪ್ಟರ್ ಕಳ್ದೋಗಿದ್ರೆ ಮನೇಲಿರೋ ಯಾವ್ದೋ ಒಂದನ್ನ ಚುಚ್ಬೇಡಿ, ವೋಲ್ಟೇಜೂ ಪ್ಲಸ್ ಮೈನಸ್ಸೂ ಮೆಷಿನ್ ಮೇಲೆ ಬರ್ದಿರೋದಕ್ಕೆ ಸರಿಹೊಂದ್ಬೇಕು, ಇಲ್ಲಾಂದ್ರೆ ಸುಟ್ಟೇ ಹೋಗುತ್ತೆ.

ಈಗ ಆಟಕ್ಕೆ ಬರೋಣ. ಮೊದಲ ಮೂರ್ನಾಲ್ಕು ಆಟ ಸಾಯೋಕೇ ಅಂತ ಆಡಿ. ಮುಂದೆ ಹೋಗೋದು ಮುಖ್ಯ ಅಲ್ಲ, ಎಲ್ಲಿ ಸತ್ತೆ, ಯಾವ ಕಡೆಯಿಂದ ಬಂತು ಅಂತ ಬಾಯಿಬಿಟ್ಟು ಹೇಳಿ. ಹುಡುಗನ ಕೈಲಿ ನಾನು ಹೇಳಿಸ್ತಿದ್ದೆ, "ಸೇತುವೆ ಒಡೆಯುತ್ತೆ, ಓಡ್ಬೇಕು", "ಪೊದೆ ಹಿಂದೆ ಒಬ್ಬ ಇದಾನೆ, ಮಲಗಿ ಹೊಡೀಬೇಕು". ಬಾಯಲ್ಲಿ ಹೇಳಿದ್ದು ಮುಂದಿನ ಸಲ ಕೈಗೆ ಬರುತ್ತೆ. ಆಮೇಲೆ ಸ್ಟೇಜನ್ನ ತುಂಡು ಮಾಡ್ಕೊಳಿ, ಒಂದು ತುಂಡು ಐದಾರು ವೈರಿ, ಅಷ್ಟೇ.

ಆಟನ ಇದ್ದ ಜಾಗದಲ್ಲೇ ಉಳಿಸಿಟ್ಟು ಮತ್ತೆ ಅಲ್ಲಿಂದಲೇ ಆಡೋ ಸೇವ್ ಸ್ಟೇಟ್ ಬಗ್ಗೆ ಜಗಳ ಇದೆ, ಅದು ಮೋಸ ಅನ್ನೋರು ಇದಾರೆ. ನಾನು ಒಪ್ಪಲ್ಲ, ಆದ್ರೆ ಬಳಸೋ ರೀತಿ ಇದೆ. ಹೆಜ್ಜೆಗೊಂದ್ಸಲ ಸೇವ್ ಮಾಡ್ಕೊಂಡು ಹೋದ್ರೆ ಕೊನೆ ಮುಟ್ತೀರ, ಆದ್ರೆ ಏನೂ ಕಲಿತಿರಲ್ಲ, ಸಂತೋಷಾನೂ ಆಗಲ್ಲ. ಅದರ ಬದಲು ಕಷ್ಟದ ತುಂಡಿನ ಬಾಗಿಲಲ್ಲಿ ಒಂದ್ಸಲ ಸೇವ್ ಮಾಡಿ, ಅದೊಂದನ್ನೇ ಹತ್ತು ಸಲ ಆಡಿ, ಸಾಲಾಗಿ ಮೂರು ಸಲ ಸಾಯದೆ ದಾಟಿದ್ರೆ ಆ ಸೇವ್ ಬಿಟ್ಟು ಸ್ಟೇಜ್ ಮೊದಲಿಂದ ಶುರು ಮಾಡಿ. ನಾಟಕದೋರು ಒಂದೊಂದು ದೃಶ್ಯ ತಾಲೀಮು ಮಾಡ್ತಾರಲ್ಲ ಹಂಗೆ. ಆಟನ ಹಿಂದಕ್ಕೆ ಓಡ್ಸೋ ರಿವೈಂಡ್ ಮಾತ್ರ ಮುಟ್ಬೇಡಿ, ಅದರಲ್ಲಿ ಕೈ ತಪ್ಪನ್ನ ಮರ್ತುಬಿಡುತ್ತೆ.

ಕಾಂಟ್ರಾಗೇ ಅಂತ ಕೆಲವು ಮಾತು. ಗುಂಡು ಹರಡಿ ಹಾರೋ ಎಸ್ ಅಕ್ಷರದ ಗನ್ ಸಿಕ್ಕಿದ್ಮೇಲೆ ಬೇರೆ ಗನ್ನಿನ ಅಕ್ಷರ ಎದುರಿಗೆ ಬಂದ್ರೆ ಜಿಗಿದು ತಪ್ಪಿಸ್ಕೊಳಿ, ಸತ್ರೆ ಆ ಗನ್ ಹೋಗುತ್ತೆ, ಅದಕ್ಕೇ ಅದು ಕೈಲಿದ್ದಾಗ ಇನ್ನೂ ಜೋಪಾನ. ಮೊದಲ ಸ್ಟೇಜಲ್ಲಿ ನೀರಿಗಿಳಿದು ಕೆಳಗಿನ ಬಟನ್ ಒತ್ತಿದ್ರೆ ಮುಳುಗ್ತಾನೆ, ಆಗ ಗುಂಡು ತಾಗಲ್ಲ. ಮೂರನೇ ಸ್ಟೇಜ್ ಜಲಪಾತದಲ್ಲಿ ಇಬ್ಬರಿದ್ರೆ ಒಬ್ಬ ಆತುರಪಟ್ಟು ಮೇಲೆ ಹತ್ತಿದ್ರೆ ಕೆಳಗಿರೋನು ಸ್ಕ್ರೀನಿಂದ ಹೊರಗೆ ಬಿದ್ದು ಸಾಯ್ತಾನೆ, ಎಷ್ಟು ಮನೆಗಳಲ್ಲಿ ಅಣ್ಣ ತಮ್ಮ ಮಾತು ಬಿಟ್ಟಿದಾರೋ ಇದಕ್ಕೆ, "ಬಾ" ಅಂತ ಹೇಳಿ ಒಟ್ಟಿಗೇ ಜಿಗೀಬೇಕು. ತೀರಾ ಆಗ್ಲೇ ಇಲ್ಲ ಅಂದ್ರೆ ಟೈಟಲ್ ಬಂದಾಗ ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಸ್ಟಾರ್ಟ್, 30 ಲೈಫ್ ಸಿಗುತ್ತೆ. ಈ ಕೋಡ್ ಮಾಡಿದ್ದು ಕೊನಾಮಿಯ ಕಜುಹಿಸಾ ಹಶಿಮೊಟೊ, ಅವರದ್ದೇ ಇನ್ನೊಂದು ಗೇಮ್ ಗ್ರೇಡಿಯಸನ್ನ ಟೆಸ್ಟ್ ಮಾಡ್ಬೇಕಾದ್ರೆ ಅವರಿಗೇ ಕಷ್ಟ ಆಯ್ತು ಅಂತ ಹಾಕ್ಕೊಂಡಿದ್ದು. ಮಾಡಿದೋರಿಗೇ ಕಷ್ಟ ಆಗಿತ್ತು ಅಂದ್ಮೇಲೆ ನಾವು ಒತ್ತೋಕೆ ನಾಚ್ಕೊಳೋದು ಬೇಡ.

ಮಾರಿಯೋದಲ್ಲಿ ಸೇವ್ ಇಲ್ಲ. ನಾನು ಏಳನೇ ಕ್ಲಾಸಲ್ಲಿ ಎಂಟನೇ ವರ್ಲ್ಡ್‌ಗೆ ಹೋಗಿ ನಿಂತಾಗ ಮರ ಬಿದ್ದು ಕರೆಂಟ್ ಹೋಯ್ತು, ಬಂದಿದ್ದು ಎರಡು ದಿನ ಆದ್ಮೇಲೆ. ಅತ್ತಿದ್ದು ಚೆನ್ನಾಗಿ ನೆನಪಿದೆ. ಕರೆಂಟ್ ಹೋದ್ರೆ ಏನೂ ಮಾಡೋಕಾಗಲ್ಲ, ಆದ್ರೆ ಗೇಮ್ ಓವರ್ ಆದ್ರೆ ಟೈಟಲ್‌ನಲ್ಲಿ ಎ ಹಿಡ್ಕೊಂಡು ಸ್ಟಾರ್ಟ್ ಒತ್ತಿ, ಸತ್ತ ವರ್ಲ್ಡಿನ ಮೊದಲ ಸ್ಟೇಜಿಂದ ಶುರು ಆಗುತ್ತೆ. ಇದು ಆಗ ನಮಗ್ಯಾರಿಗೂ ಗೊತ್ತೇ ಇರ್ಲಿಲ್ಲ, ಈಗ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ಸ್ಕೂಲ್ ಕಂಪ್ಯೂಟರ್ ಲ್ಯಾಬಲ್ಲಿ ಪ್ರಿನ್ಸ್ ಆಫ್ ಪರ್ಷಿಯಾ ಆಡಿ ಬಿಟ್ಟೋರು ಸುಮಾರ್ ಜನ ಇದೀರ. 12 ಲೆವೆಲ್, 60 ನಿಮಿಷ, ಎಷ್ಟ್ ಸಲ ಬೇಕಾದ್ರೂ ಸಾಯ್ಬೋದು, ಗಡಿಯಾರ ಮಾತ್ರ ನಿಲ್ಲಲ್ಲ. ಅದರಲ್ಲಿ ಎಲ್ಲರೂ ಮಾಡೋ ತಪ್ಪು ಅವಸರ. ಅದನ್ನ ಮಾಡಿದ ಜೋರ್ಡಾನ್ ಮೆಕ್ನರ್ ತನ್ನ ತಮ್ಮ ಓಡೋದು ಜಿಗಿಯೋದನ್ನ ವಿಡಿಯೋ ತೆಗೆದು ಅದರ ಮೇಲೆ ಬಿಡಿಸಿದ್ದು, ಅದಕ್ಕೇ ರಾಜಕುಮಾರ ನಿಜವಾದ ಮನುಷ್ಯನ ಹಾಗೆ ಒಂದು ಹೆಜ್ಜೆ ಮುಗಿಸಿಯೇ ಇನ್ನೊಂದು ಹೆಜ್ಜೆ ಇಡೋದು. ಅಂಚಿಗೆ ಬಂದ್ಮೇಲೆ ಒತ್ತಿದ್ರೆ ತಡ ಆಯ್ತು, ಒಂದು ಹೆಜ್ಜೆ ಮುಂಚೆನೇ ಒತ್ತಬೇಕು. ಶಿಫ್ಟ್ ಹಿಡ್ಕೊಂಡು ನಡೆದ್ರೆ ಅಂಚಲ್ಲಿ ನಿಲ್ತಾನೆ. ಮೂರನೇ ಲೆವೆಲಿಂದ ಕಂಟ್ರೋಲ್ ಜಿ ಒತ್ತಿದ್ರೆ ಸೇವ್ ಆಗುತ್ತೆ. ಕೊನೇಲಿ ತನ್ನ ನೆರಳೇ ಕತ್ತಿ ಹಿಡ್ದು ಬರುತ್ತಲ್ಲ, ಹೊಡೀಬೇಡಿ, ಕತ್ತಿ ಒಳಗಿಡಿ.

ಹೊಸ ಗೇಮ್ ಬಗ್ಗೆ ಕೀಳಾಗಿ ಮಾತಾಡೋ ಉದ್ದೇಶ ನಂಗಿಲ್ಲ. 2018ರ ಸೆಲೆಸ್ಟ್ ಆಡಿ ನೋಡಿ, ಅದು ಕಾಂಟ್ರಾಗಿಂತ ಕಷ್ಟ ಇದೆ ಬೇಕಾದ್ರೆ, ಆದ್ರೆ ಅಂಚು ದಾಟಿದ ಮೇಲೂ ಒಂದು ಚಿಟಿಕೆ ಹೊತ್ತು ಜಿಗಿಯೋಕೆ ಬಿಡುತ್ತೆ, ಸತ್ರೆ ಕಣ್ಣು ಮುಚ್ಚಿ ತೆಗೆಯೋದರಲ್ಲಿ ಅದೇ ರೂಮಲ್ಲಿ ನಿಲ್ಲಿಸುತ್ತೆ, ಬೇಕು ಅಂದ್ರೆ ವೇಗಾನೂ ಕಮ್ಮಿ ಮಾಡ್ಕೋಬೋದು. 2014ರ ಶವಲ್ ನೈಟಲ್ಲಿ, ಸತ್ರೆ ಮತ್ತೆ ಶುರು ಆಗೋ ಜಾಗ, ಅಂದ್ರೆ ಚೆಕ್‌ಪಾಯಿಂಟನ್ನ ಒಡೆದು ದುಡ್ಡು ತಗೋಬೋದು, ಒಡೆದ್ರೆ ಸತ್ತಾಗ ಹಿಂದಿನದ್ದಕ್ಕೆ ಹೋಗ್ಬೇಕು, ಎಷ್ಟು ಕಷ್ಟ ಬೇಕು ಅಂತ ನೀವೇ ಆರಿಸ್ಕೊಳೋದು. ಹಳೇದರ ರುಚಿ ಹತ್ತಿಸೋಕೆ ಇವೆರಡು ಒಳ್ಳೇ ಮೆಟ್ಟಿಲು. ನನಗೆ ಬೇಜಾರಾಗೋದು ಇಲ್ಲಿ ಹೋಗು, ಇದನ್ನೊತ್ತು ಅಂತ ಬಾಣ ತೋರಿಸ್ಕೊಂಡೇ ಇರೋ ಗೇಮ್‌ಗಳ ಮೇಲೆ ಮಾತ್ರ. ಮಾರಿಯೋ ಮೊದಲ ಸ್ಟೇಜಲ್ಲಿ ಒಂದಕ್ಷರ ಉಪದೇಶ ಇಲ್ಲ, ಎದುರಿಗೆ ಅಣಬೆ ತಲೆಯೋನು ನಡ್ಕೊಂಡ್ ಬರ್ತಾನೆ, ತಾಗಿದ್ರೆ ಸಾಯ್ತೀರ, ಜಿಗಿದ್ರೆ ಅವನು ಸಾಯ್ತಾನೆ, ಕಲಿತಾಯ್ತು.

ನನ್ನ ವಯಸ್ಸಿನೋರಿಗೆ ಇದು ಉಲ್ಟಾ ಇರುತ್ತೆ. ಹುಡುಗ ನಂಗೆ ಅವನ ಗೇಮ್ ಕಲಿಸೋಕೆ ಕೂತಾಗ ಎರಡು ಸ್ಟಿಕ್ಕು, ಹತ್ತು ಹದಿನೈದು ಬಟನ್ನು, ನಡೆಯೋಕೊಂದು ನೋಡೋಕೊಂದು, ನಾನು ಗೋಡೆ ನೋಡ್ಕೊಂಡೇ ನಿಂತಿದ್ದೆ. ಆಗ ಅವನು ಮಾಡಿದ್ದು ನಂಗೆ ತುಂಬಾ ಇಷ್ಟ ಆಯ್ತು, ಕ್ಯಾಮೆರಾ ತಿರುಗೋ ವೇಗ (ಸೆನ್ಸಿಟಿವಿಟಿ) ಕಮ್ಮಿ ಮಾಡಿ, ವೈರಿಗಳೇ ಇಲ್ದಿರೋ ಬಯಲಿಗೆ ಕರ್ಕೊಂಡೋಗಿ, "ಮಾವ, ಮೊದ್ಲು ಸುಮ್ನೆ ಈ ಮರನ ಸುತ್ತು ಹಾಕಿ" ಅಂದ. ಅರ್ಧ ಗಂಟೆ ಮರ ಸುತ್ತಿದೆ. ನೀವೂ ಅಲ್ಲಿಂದಲೇ ಶುರು ಮಾಡಿ.

ದಿನಕ್ಕೆ ಮುಕ್ಕಾಲು ಗಂಟೆ ಸಾಕು, ಒಂದೇ ಜಾಗದಲ್ಲಿ ಐದಾರು ಸಲ ಸಾಯ್ತಿದ್ರೆ ಎದ್ದೋಗಿ ಕಾಫಿ ಕುಡೀರಿ, ಇಲ್ಲಾ ಮಲಗ್ಬಿಡಿ, ಬೆಳಿಗ್ಗೆ ಎದ್ದು ಆಡಿದ್ರೆ ಕೈ ತಾನಾಗೇ ದಾಟಿರುತ್ತೆ, ಇದು ನಮ್ಮಿಬ್ಬರಿಗೂ ಎಷ್ಟೋ ಸಲ ಆಗಿದೆ. ಈ ಸಲ ದಸರಾ ರಜೆಗೆ ಬರ್ತೀನಿ ಅಂತ ಫೋನ್ ಮಾಡಿದ್ದ. ಹಿಮದ ಸ್ಟೇಜ್ ಅವರೂರಲ್ಲೇ ದಾಟಿದಾನಂತೆ, ಆರನೇದರಲ್ಲಿ ಪೈಪಿಂದ ಬೆಂಕಿ ಉಗುಳುತ್ತಲ್ಲ, ಅಲ್ಲಿ ನಿಂತಿದಾನೆ. ಬೆಂಕಿ ಬಂದು ಹೋಗೋದಕ್ಕೆ ತಾಳ ಇದೆ ಕಣೋ, ಮೊದ್ಲು ಎರಡು ಸಲ ಸುಮ್ನೆ ನಿಂತು ಎಣಿಸು ಅಂದೆ. ಫೋನ್ ಇಡದೇನೇ ಎಣಿಸೋಕೆ ಶುರು ಮಾಡಿದ.