ಕಾಡಿನ ಊರಿಗೆ ಕಲ್ಲಿದ್ದಲು ಗಣಿ ಬರುತ್ತಿದ್ದರೆ ಮೊದಲು ಏನು ಮಾಡಬೇಕು?

ಛತ್ತೀಸ್‌ಗಢದ ಹಸದೇವ್ ಕಾಡಿನ ಆದಿವಾಸಿಗಳನ್ನು ನೋಡಿ. ಗಣಿಗೆ ತೋರಿಸಿದ ಗ್ರಾಮಸಭೆಯ ಒಪ್ಪಿಗೆಯೇ ನಕಲಿ ಅಂತ ದೂರಿ, 2021ರಲ್ಲಿ ಅವರು ಸುಮಾರು 300 ಕಿ.ಮೀ. ನಡೆದು ರಾಯಪುರಕ್ಕೆ ಹೋಗಬೇಕಾಯಿತು. ಎಂಥ ಅನ್ಯಾಯ ಅಲ್ವಾ?

ಅದಕ್ಕೇ ಗ್ರಾಮಸಭೆಯ ತೀರ್ಮಾನ ಬರೆಯುವ ನಡಾವಳಿ ಪುಸ್ತಕದ ಮೇಲೆ ಕಣ್ಣಿಡಿ. ನಿರ್ಣಯವನ್ನು ಎಲ್ಲರಿಗೂ ಕೇಳುವ ಹಾಗೆ ಓದಿಸಿ, ಆಮೇಲೆ ಸಹಿ, ಹೆಬ್ಬೆಟ್ಟು ಹಾಕಿಸಿ, ಕೊನೆಯ ಸಹಿಯ ಕೆಳಗೆ ಖಾಲಿ ಜಾಗ ಉಳಿಯದಂತೆ ಗೆರೆ ಎಳೆದು, ಅಲ್ಲೇ ಪುಟದ ಫೋಟೋ ತೆಗೆದುಕೊಳ್ಳಿ. ಅರಣ್ಯ ಹಕ್ಕು ನಿಯಮದಂತೆ ಸಭೆಗೆ ಕನಿಷ್ಠ ಅರ್ಧದಷ್ಟು ಸದಸ್ಯರು ಬಂದಿರಬೇಕು, ಬಂದವರಲ್ಲಿ ಮೂರರಲ್ಲಿ ಒಂದು ಪಾಲಾದರೂ ಹೆಂಗಸರಿರಬೇಕು. ತಲೆ ಎಣಿಸಿ.

ಗಣಿಯ ಬಗ್ಗೆ ಜನರ ಮಾತು ಕೇಳುವ ಪರಿಸರದ ಸಾರ್ವಜನಿಕ ವಿಚಾರಣೆಗೆ ಕನಿಷ್ಠ 30 ದಿನ ಮೊದಲೇ ನೋಟಿಸ್ ಕೊಡಬೇಕು. ಗಣಿಯಿಂದ ಪರಿಸರಕ್ಕೆ ಏನಾಗುತ್ತದೆ ಅನ್ನುವ ವರದಿಯ ಸಾರಾಂಶವನ್ನು ನಿಮ್ಮ ಭಾಷೆಯಲ್ಲೇ ಕೇಳಿ ಪಡೆಯಿರಿ. ಹಿಪ್ಪೆ ಹೂವು, ಬೀಡಿ ಎಲೆಯಿಂದ ಯಾವ ಮನೆಗೆ ಎಷ್ಟು ದುಡ್ಡು ಬರುತ್ತದೆ ಅಂತ ಮನೆಮನೆಯ ಲೆಕ್ಕ ಬರೆದು ಆಕ್ಷೇಪಣೆಗೆ ಸೇರಿಸಿ. ಸುಮ್ನೆ ಕೊಟ್ಟು ಬರಬೇಡಿ, ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ.