ನಮ್ಮ ಮಷೀನ್ ಶಾಪ್‌ಗೆ ಮೌಲ್ಯಗಳನ್ನು ಬರೆದುಕೊಂಡ ಬಗೆ

ಪೀಣ್ಯದಲ್ಲಿ ನಮ್ಮದು ಸಣ್ಣ ಸಿಎನ್‌ಸಿ ಮಷೀನ್ ಶಾಪ್, ಅಂದರೆ ಕಂಪ್ಯೂಟರ್ ಹಿಡಿತದಲ್ಲಿ ಓಡುವ ಮಷೀನ್‌ಗಳಲ್ಲಿ ಬಿಡಿಭಾಗ ಕೊರೆದು ಮಾಡುವ ಜಾಗ. ದೊಡ್ಡ ಕಂಪನಿಗಳಿಗೆ ಜಾಬ್ ವರ್ಕ್ ಮಾಡಿಕೊಡುತ್ತೇವೆ. ಮೌಲ್ಯಗಳನ್ನು ಬರೆಯಲು ಕೂತಾಗ ಒಂದೇ ನಿಯಮ ಹಾಕಿಕೊಂಡೆ: ಯಾವುದಕ್ಕಾಗಿ ದುಡ್ಡು ಹೋದರೂ ಪರವಾಗಿಲ್ಲ ಅನ್ನುತ್ತೇವೋ ಅದನ್ನು ಮಾತ್ರ ಬರೆಯಬೇಕು. ಸುಮ್ನೆ ಗೌರವ, ಪ್ರಾಮಾಣಿಕತೆ ಅಂತ ಬರೆದರೆ ಸಾಲದು. ಲೆಕ್ಕದ ಮೋಸ ಬಯಲಾಗಿ 2001ರಲ್ಲಿ ದಿವಾಳಿಯಾದ ಅಮೆರಿಕದ ಎನ್ರಾನ್ ಕಂಪನಿಯ ಮೌಲ್ಯಗಳ ಪಟ್ಟಿಯಲ್ಲೂ ಅವೆರಡೂ ಇದ್ದವು.

ಕಾನೂನು ಹೇಳುವುದನ್ನು ಈ ಪಟ್ಟಿಯಿಂದ ಹೊರಗಿಟ್ಟೆವು. 7ನೇ ತಾರೀಖಿನೊಳಗೆ ಸಂಬಳ, 10 ಅಥವಾ ಹೆಚ್ಚು ಜನ ಇದ್ದ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ, ಇವೆಲ್ಲ ಮಾಡಲೇಬೇಕಾದ ಕೆಲಸ. ಅದನ್ನು ನಮ್ಮ ದೊಡ್ಡತನ ಅಂತ ಹೇಳಿಕೊಳ್ಳುವುದು ನನಗೆ ಸರಿ ಕಾಣಲಿಲ್ಲ.

ಆಮೇಲೆ ಶಿಫ್ಟ್ ಬದಲಾಗುವ ಹೊತ್ತಿನಲ್ಲಿ ಆಪರೇಟರ್, ಮಷೀನ್ ಹೊಂದಿಸಿಕೊಡುವ ಸೆಟ್ಟರ್, ಗುಣಮಟ್ಟ ನೋಡುವ ಕ್ಯೂಸಿ, ಹೆಲ್ಪರ್ ಎಲ್ಲರ ಜೊತೆ ಚಿಕ್ಕ ಗುಂಪುಗಳಲ್ಲಿ ಕೂತೆ. ‘ನಾಳೆ ಸೇರುವ ಹುಡುಗನಿಗೆ ಮೊದಲು ಏನು ಹೇಳ್ತೀರಿ?’ ಅಂತ ಕೇಳಿದೆ. ಹಿರಿಯ ಸೆಟ್ಟರ್ ಒಬ್ಬರು ಅಂದರು: “ಸಾರ್, ನಾನು ಹಿಂದೆ ಇದ್ದ ಕಡೆ ಪೀಸ್ ರಿಜೆಕ್ಟ್ ಆದ್ರೆ ಸಂಬಳದಲ್ಲಿ ಕಟ್ ಮಾಡೋರು. ಅದಕ್ಕೇ ಯಾರೂ ಬಾಯಿ ಬಿಡ್ತಿರಲಿಲ್ಲ. ಕೆಟ್ಟ ಪೀಸೂ ಒಳ್ಳೇದರ ಜೊತೆ ಹೋಗಿಬಿಡೋದು.”

ಇದರ ಮೇಲೇ ಜಾಸ್ತಿ ಮಾತಾಡಿದೆವು. ಲೋಹ ಕತ್ತರಿಸುವ ಅಲಗು, ಅಂದರೆ ಇನ್ಸರ್ಟ್, ಸವೆಯುತ್ತಾ ಬಂದಂತೆ ಪೀಸ್‌ನ ಅಳತೆ ನಿಧಾನವಾಗಿ ಜರುಗುತ್ತದೆ. ಮೊದಲ ಪೀಸ್ ತಪ್ಪಿದಾಗಲೇ ಹೇಳಿದರೆ ಇನ್ಸರ್ಟ್ ಬದಲಿಸಿ, ಆಫ್‌ಸೆಟ್ (ಮಷೀನ್‌ಗೆ ಕೊಡುವ ಅಳತೆಯ ತಿದ್ದುಪಡಿ) ಸರಿ ಮಾಡಿದರೆ ಮುಗಿಯಿತು. ಮುಚ್ಚಿಟ್ಟರೆ ಇಡೀ ಲಾಟ್ ವಾಪಸ್ ಬರಬಹುದು. ಟೊಯೋಟಾ ಕಾರ್ಖಾನೆಯಲ್ಲಿ ತೊಂದರೆ ಕಂಡ ಕಾರ್ಮಿಕ ಹಗ್ಗ ಎಳೆದು ಇಡೀ ಲೈನನ್ನೇ ನಿಲ್ಲಿಸಬಹುದು. ಆ ಧೈರ್ಯ ನಮ್ಮವರಿಗೂ ಬರಬೇಕಿತ್ತು. ಕೊನೆಗೆ ಬರೆದದ್ದು ಇಷ್ಟು: ‘ಕೆಟ್ಟ ಪೀಸ್ ತಾವಾಗಿ ತೋರಿಸಿದವರಿಗೆ ಬೈಗುಳವಿಲ್ಲ, ಸಂಬಳ ಕಡಿತವಿಲ್ಲ.’

ಆದರೆ ಸೂಪರ್‌ವೈಸರ್ ಇನ್ಸೆಂಟಿವ್ ಬರೀ ಪೀಸ್ ಲೆಕ್ಕದ ಮೇಲಿದ್ದರೆ ಈ ಮಾತು ನಿಲ್ಲುವುದಿಲ್ಲ, ಅಲ್ವಾ? ಅದನ್ನು ಕ್ಯೂಸಿ ಪಾಸಾದ ಪೀಸ್‌ಗಳ ಲೆಕ್ಕಕ್ಕೆ ಬದಲಿಸಿದೆವು. ಪ್ರತಿ ಮಷೀನ್ ಪಕ್ಕ ರಿಜೆಕ್ಷನ್‌ಗೆ ಕೆಂಪು ಬಿನ್ ಇಟ್ಟೆವು. ನನ್ನ ಪ್ರಕಾರ ಸಂಸ್ಕೃತಿ ಬದಲಾಗುವುದು ಇಂಥ ಕಡೆ.

ಇನ್ನೊಂದು ವಾಕ್ಯವೂ ಇದೆ: ‘ಡೆಲಿವರಿ ತಡವಾಗುತ್ತದೆ ಅಂತ ಗೊತ್ತಾದ ದಿನವೇ ಗಿರಾಕಿಗೆ ಫೋನ್ ಮಾಡಬೇಕು.’ ಇದನ್ನು ಡಿಸ್ಪ್ಯಾಚ್ ನೋಡಿಕೊಳ್ಳುವವರೇ ಬರೆದುಕೊಟ್ಟರು. ನಾನು ಒಂದು ಪದವನ್ನೂ ತಿದ್ದಲಿಲ್ಲ.

ಎರಡನ್ನೂ ಕನ್ನಡ ಮತ್ತು ಹಿಂದಿಯಲ್ಲಿ ಹಾಕಿದ್ದೇವೆ. ಹೊಸಬರನ್ನು ತೆಗೆದುಕೊಳ್ಳುವಾಗ, ಹಿಂದಿನ ಕೆಲಸದಲ್ಲಿ ಪೀಸ್ ಕೆಟ್ಟಾಗ ಏನು ಮಾಡಿದಿರಿ ಅಂತ ತಪ್ಪದೆ ಕೇಳುತ್ತೇವೆ.